ಹೊಗೆ ಕುಡಿದ ಹೇರಳೆಕಾಯಿ

ಗೋಣಿಬೀಡು
೧೪-೬-೧೯೩೭

ಡ್ರಾಯಿಂಗ್ ಮೇಷ್ಟ್ರು ಮಲ್ಲಿಕಾರ್ಜುನಪ್ಪನವರಿಗೆ ಹಬೀಬುರ್ರಹ್ಮಾನನ ಸಲಾಮು.

ಇನ್ನೊಂದು ಮಡಕೆ ನಾನು ಬರೆಯೋದಿಲ್ಲ. ಇದನ್ನ ಮೊದಲೇ ಹೇಳಿಬಿಟ್ರೆ ನಿಮಗೂ ಅನುಕೂಲ, ನನಗೂ ಹಗುರ.

'ಮಡಕೆಯ ಬಾಯಿ ಎಡಗಡೆ ಇನ್ನೂ ಜಾರಿದೆ, ಮತ್ತೊಮ್ಮೆ ಬರೆಯಿರಿ' ಅಂತ ನಿಮ್ಮ ಕಾರ್ಡು ಬಂತು. ಎರಡು ವರ್ಷ ಆಯ್ತು ಮೇಷ್ಟ್ರೇ. ಗೆರೆ ಎಳಿ ಅಂದ್ರಿ, ಎಳೆದೆ. ಇಟ್ಟಿಗೆ ಬರಿ ಅಂದ್ರಿ, ಬರೆದೆ. ಮೊಟ್ಟೆ ಬರಿ ಅಂದ್ರಿ. ನಾನು ಒಂದು ಪಕ್ಕ ಬರೆದು ಮುಗಿಸೋ ಹೊತ್ತಿಗೆ ನನ್ನ ಹೆಂಡತಿ ಸುಗ್ರಾ ಅದನ್ನ ಒಡೆದು ಬಾಣಲೆಗೆ ಹಾಕಿದ್ಲು. ನೆರಳು ಅಂದ್ರೆ ಕಪ್ಪಲ್ಲ, ಅದರೊಳಗೂ ಬೆಳಕಿದೆ ಅಂತ ಬರೆದ್ರಿ. ಆ ಬೆಳಕು ಹುಡುಕ್ತಾ ಒಂದು ಮಳೆಗಾಲವೇ ಕಳೀತು. ಈಗ ಹತ್ತು ತಿಂಗಳಿಂದ ಬರೀ ಮಡಕೆ. ನಮ್ಮೂರ ಕುಂಬಾರ ಹುಟ್ಟಿದಾಗಿಂದ ಇಷ್ಟು ಮಡಕೆ ಮಾಡಿರಲಿಕ್ಕಿಲ್ಲ. ಅವನದ್ದರಲ್ಲಿ ನೀರಾದ್ರೂ ನಿಲ್ತದೆ.

ನಾನೇನು ನಿಮ್ಮನ್ನ ಹುಡುಕಿಕೊಂಡು ಬಂದವನಲ್ಲ. ನನ್ನ ಶೆಡ್ಡಿನ ಎದುರು ನಿಮ್ಮ ಬಸ್ಸಿನ ಆಕ್ಸಲ್ ಮುರೀತು. ರಿಪೇರಿ ಆಗೋ ತನಕ ಹೋಟ್ಲಲ್ಲಿ ಕೂತು ಕಾಫಿ ಕುಡಿಯೋದು ಬಿಟ್ಟು, ಹೋಟ್ಲಿನ ಬೋರ್ಡಲ್ಲಿ ನಾನು ಬರೆದಿದ್ದ ಕೆಟಲ್ ನೋಡಿ 'ಇದರ ಬಾಯಿ ಸೊಟ್ಟ' ಅಂದವರು ನೀವು. ಮುರಿದದ್ದು ನಿಮ್ಮ ಬಸ್ಸು, ಬೈಸಿಕೊಂಡದ್ದು ನನ್ನ ಕೆಟಲ್ಲು! ಆವತ್ತಿಂದ ನಾನು ಹಾಳೆ ಕಳಿಸೋದು, ನೀವು ತಪ್ಪು ಹುಡುಕೋದು. ಹಾಳೆ ವಾಪಸ್ಸು ಕೂಡ ಕಳಿಸೋದಿಲ್ಲ.

ಬಸ್ಸಿನ ಮಾಲೀಕರು ಹಿಂದುಗಡೆ ಹುಲಿ ಬರಿ ಅಂದಾಗ, ಉಸಿರಾಡೋದನ್ನ ಬರೆಯೋಲ್ಲ ಅಂತ ನಮ್ಮಪ್ಪನಿಗೆ ಮಾತು ಕೊಟ್ಟಿದ್ದೀನಿ ಸ್ವಾಮಿ ಅಂದವನು ನಾನು. ಆದ್ರೆ ಉಸಿರಾಡದ್ದು ಲೋಕದಲ್ಲಿ ಎಷ್ಟಿಲ್ಲ! ಚೊಂಬು, ಲಾಂದ್ರ, ಹಣ್ಣು, ಬಟ್ಟೆ. ಅದರಲ್ಲಿ ಮಡಕೆ ಒಂದೇನಾ ಉಳಿದದ್ದು?

ನನಗೆ ನಲವತ್ತೇಳು. ಎಣ್ಣೆ ಬಣ್ಣ ಕಲಿಸೋದಾದ್ರೆ ಈಗ ಕಲಿಸಿ. ಆಗೋದಿಲ್ಲ ಅಂದ್ರೆ ಅದನ್ನಾದ್ರೂ ಬರೀರಿ, ನಾನು ಸುಮ್ಮನೆ ಸ್ಪ್ಯಾನರ್ ಹಿಡೀತೀನಿ.

ಹಬೀಬ


ಮೈಸೂರು
೨೮-೬-೧೯೩೭

ಹಬೀಬ್ ಸಾಹೇಬರಿಗೆ ನಮಸ್ಕಾರ.

ನಿಮ್ಮ ಕೋಪದ ಕಾಗದ ತಲುಪಿತು. ಕಾಗದದಲ್ಲಿ ಏನೇ ಇರಲಿ, ಅದರ ಹಿಂಬದಿಯಲ್ಲಿ ನೀವು ಸಿಟ್ಟಿನಿಂದ ಗೀಚಿದ ಮಡಕೆಯ ಬಾಯಿ ಸರಿಯಾಗಿದೆ. ಆದ್ದರಿಂದ ಎಣ್ಣೆ ಬಣ್ಣಕ್ಕೆ ಹೋಗಬಹುದು.

ಪಾರ್ಸೆಲ್ಲಿನಲ್ಲಿ ಏಳು ಟ್ಯೂಬು ಮತ್ತು ಎರಡು ಕುಂಚ ಕಳಿಸಿದ್ದೇನೆ. ನನ್ನ ಬಳಿ ಹೆಚ್ಚಾಗಿ ಬಿದ್ದಿದ್ದವು, ಸಂಕೋಚ ಬೇಡ. ಟರ್ಪೆಂಟೈನ್ ನಿಮ್ಮ ಶೆಡ್ಡಿನಲ್ಲೇ ಇರುತ್ತದೆ. ಅಗಸೆ ಎಣ್ಣೆಯನ್ನು ಚಿಕ್ಕಮಗಳೂರಿನಿಂದ ತರಿಸಿಕೊಳ್ಳಿ. ಹಲಗೆಗೆ ಮೊದಲು ಸರೇಸಿನ ಅಂಟು ಮತ್ತು ಸುಣ್ಣದ ಪುಡಿ ಬಳಿದು ಉಜ್ಜಿ ನಯ ಮಾಡಬೇಕು. ಕೆಳಗಿನ ಪದರಕ್ಕೆ ಬಣ್ಣ ತೆಳ್ಳಗಿರಲಿ, ಮೇಲೆ ಮೇಲೆ ಹೋದಂತೆ ಎಣ್ಣೆ ಹೆಚ್ಚಲಿ. ಬೆಳಕು ಒಂದೇ ಕಡೆಯಿಂದ ಬೀಳಲಿ. ಮೊದಲು ಪೆನ್ಸಿಲಿನಲ್ಲಿ ಪೂರ್ತಿ ಬರೆದು ನನಗೆ ಕಳಿಸಿ, ನಂತರವೇ ಬಣ್ಣ.

ಚಿತ್ರ ಚೆನ್ನಾಗಿ ಒಣಗುವ ತನಕ ಹೆಸರು ಹಾಕಬೇಡಿ.

ಇತಿ,
ಮಲ್ಲಿಕಾರ್ಜುನಪ್ಪ


ಗೋಣಿಬೀಡು
೯-೮-೧೯೩೭

ಮೇಷ್ಟ್ರಿಗೆ ಸಲಾಮು.

ಬಂದ ಟ್ಯೂಬುಗಳ ಬಿರಡೆ ಒಂದೂ ತಿರುಗಲಿಲ್ಲ. ಬೆಂಕಿಕಡ್ಡಿ ಗೀರಿ ಕಾಯಿಸಿ, ಇಕ್ಕಳ ಹಿಡಿದು ತಿರುಗಿಸಿದೆ. ಲಾರಿ ನಟ್ಟೂ ಇಷ್ಟು ಹಟ ಮಾಡೋದಿಲ್ಲ. ಎಷ್ಟು ವರ್ಷದಿಂದ ಇಟ್ಟುಕೊಂಡಿದ್ರಿ ಮಾರಾಯ್ರೆ?

ಪೆನ್ಸಿಲ್ ಹಾಳೆ ಇದರ ಜೊತೆಗಿದೆ. ನಿಮ್ಮ ಉತ್ತರಕ್ಕೆ ಕಾಯದೆ ಬಣ್ಣಾನೂ ಹಾಕಿಬಿಟ್ಟೆ, ಬೈಬೇಡಿ. ತಾಮ್ರದ ಚೊಂಬು, ಮೂರು ಹೇರಳೆಕಾಯಿ, ಕೆಳಗೆ ನನ್ನ ಬಿಳಿ ಪಂಚೆ. ಹೇರಳೆಕಾಯಿ ಯಾಕೆ ಅಂದ್ರೆ ಬೇಗ ಕೊಳೆಯೋದಿಲ್ಲ, ಸುಗ್ರಾ ಉಪ್ಪಿನಕಾಯಿಗೆ ಕೊಯ್ಯೋ ಮೊದಲು ನನಗೆ ನಾಲ್ಕು ವಾರ ಸಿಗ್ತದೆ. ಆದ್ರೆ ನೋಡಿ, ಅದೂ ಮೋಸ ಮಾಡ್ತು. ಬರೆಯೋಕೆ ಶುರು ಮಾಡಿದಾಗ ಹಸಿರು, ಈಗ ಹಳದಿ. ನಾನು ಒಂದು ಕಾಯಿಗೆ ಎರಡು ಸಲ ಬಣ್ಣ ಹಾಕ್ಬೇಕಾಯ್ತು.

ಹಲಗೆ ಭಾಳ ಚೆನ್ನಾಗಿದೆ. ಇಲ್ಲಿ ಮೇಲಿನ ಎಸ್ಟೇಟಿನ ಹಳೇ ದೊರೆ ಸೀಮೆಗೆ ಹೋಗುವಾಗ ಬಂಗಲೆ ಸಾಮಾನು ಹರಾಜು ಹಾಕಿದ್ರಲ್ಲ, ಆಗ ತಗೊಂಡ ಬೀರುವಿನ ಬಾಗಿಲು. ತೇಗದ್ದು. ಹಿಂದುಗಡೆ ಎಸ್ಟೇಟಿನ ಗುರುತು ಸುಟ್ಟು ಒತ್ತಿದ್ದಾರೆ. ಮುಂದುಗಡೆ ನನ್ನ ಚೊಂಬು.

ಒಂದು ಮಾತು ಹೇಳ್ತೀನಿ, ನಗಬೇಡಿ. ಚೊಂಬಿನ ಹೊಟ್ಟೇಲಿ ಹೇರಳೆಕಾಯಿಯ ಹಳದಿ ಕಾಣ್ತದೆ. ಇಪ್ಪತ್ತು ವರ್ಷದಿಂದ ಆ ಚೊಂಬಲ್ಲಿ ನೀರು ಕುಡೀತಾ ಇದ್ದೀನಿ, ನಾನು ಅದನ್ನ ನೋಡೇ ಇರಲಿಲ್ಲ.

ಬಣ್ಣ ಮಾತ್ರ ಒಣಗ್ತಾ ಇಲ್ಲ. ಈ ಮಳೇಲಿ ಒಗೆದ ಅಂಗಿ ಒಣಗೋಕೇ ಐದು ದಿನ. ಬೆರಳಿಟ್ರೆ ಅಂಟ್ತದೆ. ಎರಡು ನೊಣ ಬಂದು ಕೂತು ಅಲ್ಲೇ ಉಳಿದ್ವು. ಉಸಿರಾಡೋದನ್ನ ನಾನು ಬರೆಯೋಲ್ಲ ಅಂದ್ರೂ ಅವು ತಾವೇ ಬಂದು ಚಿತ್ರಕ್ಕೆ ಸೇರ್ಕೊಳ್ತಾವೆ. ಏನು ಮಾಡಲಿ?

ಹಬೀಬ


ಮೈಸೂರು
೨೦-೮-೧೯೩೭

ಹಬೀಬ್ ಸಾಹೇಬರಿಗೆ,

ಹಾಳೆ ನೋಡಿದೆ. ಈ ಸಲ ತಿದ್ದಲು ಏನೂ ಇಲ್ಲ.

ಒಣಗದಿದ್ದರೆ ಹಲಗೆಯನ್ನು ಬೆಚ್ಚಗಿರುವ ಜಾಗದಲ್ಲಿ ಕೆಲವು ದಿನ ಇಡಿ. ಆತುರ ಬೇಡ.

ಮಲ್ಲಿಕಾರ್ಜುನಪ್ಪ


ಗೋಣಿಬೀಡು
೧೦-೧೦-೧೯೩೭

ಮೇಷ್ಟ್ರಿಗೆ ಸಲಾಮು.

ಚಿತ್ರ ಒಣಗಿತು. ಮೇಲಿನ ಎಸ್ಟೇಟಿನ ಬಂಗಲೆ ಹಾಲ್‌ನಲ್ಲಿ ನೇತುಹಾಕಿದ್ದಾರೆ.

ಕೆಲಸ ಜಾಸ್ತಿ. ಆಮೇಲೆ ಬರೀತೀನಿ.

ಹಬೀಬ


ಮೈಸೂರು
೧೭-೧೦-೧೯೩೭

ಪ್ರಿಯ ಹಬೀಬ್ ಸಾಹೇಬರಿಗೆ,

ನಿಮ್ಮ ಎರಡು ಸಾಲಿನ ಕಾರ್ಡನ್ನು ನಾನು ಎಷ್ಟು ಸಲ ಓದಿದೆನೋ! ಮನೆಯಾಕೆ ಸರೋಜಮ್ಮನಿಗೆ ಓದಿ ಹೇಳಿದೆ. ಸಂಜೆ ಕಟ್ಟೆಯ ಮೇಲೆ ಸೇರುವ ಹಳೆಯ ಮೇಷ್ಟ್ರುಗಳಿಗೆಲ್ಲ ಓದಿ ಹೇಳಿದೆ. 'ನನ್ನ ವಿದ್ಯಾರ್ಥಿಯ ಚಿತ್ರ ದೊರೆಗಳ ಬಂಗಲೆಯಲ್ಲಿದೆ' ಎಂದಾಗ ಒಬ್ಬರೂ ನಂಬಲಿಲ್ಲ, ಕಾರ್ಡು ತೋರಿಸಬೇಕಾಯಿತು. ಮೂವತ್ತೊಂದು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದೆ. ಒಬ್ಬನ ಚಿತ್ರವೂ ಅವನ ಮನೆಯ ಗೋಡೆಯನ್ನೇ ಕಾಣಲಿಲ್ಲ.

ದೊರೆಗಳು ಏನೆಂದರು? ಯಾವ ಗೋಡೆ? ಬೆಳಕು ಯಾವ ಕಡೆಯಿಂದ ಬರುತ್ತದೆ? ಸಂಕೋಚಪಡದೆ ಎಲ್ಲ ಬರೆಯಿರಿ. ನಿಮ್ಮ ವಿನಯ ನನಗೆ ಗೊತ್ತು.

ಮಲ್ಲಿಕಾರ್ಜುನಪ್ಪ


ಗೋಣಿಬೀಡು
೨೪-೧೦-೧೯೩೭

ಮೇಷ್ಟ್ರೇ,

ವಿನಯ ಅಲ್ಲ, ಮಣ್ಣೂ ಅಲ್ಲ! ನನ್ನನ್ನ ಕಳ್ಳ ಅಂದಿದ್ದಾರೆ. ನಾಚಿಕೆಯಾಗಿ ಬರೆದಿರಲಿಲ್ಲ. ನೀವು ಅದನ್ನ ಕಟ್ಟೆ ಮೇಲೆ ಓದಿಬಿಟ್ರಿ ಅಂತ ಕೇಳಿದ ಮೇಲೆ ನಿದ್ದೆ ಹತ್ತಲಿಲ್ಲ. ಈಗ ಪೂರ್ತಿ ಕೇಳಿ.

ಬೆಚ್ಚಗಿರೋ ಜಾಗ ಅಂದ್ರಿ. ಈ ಮಳೇಲಿ ನಮ್ಮ ಕಡೆ ಬೆಚ್ಚಗಿರೋ ಜಾಗ ಯಾವುದು? ಏಲಕ್ಕಿ ಗೂಡು. ಹಸಿ ಏಲಕ್ಕಿ ಒಣಗಿಸೋಕೆ ಕೆಳಗೆ ಬೆಂಕಿ ಹಾಕೋ ಮನೆ. ಎಸ್ಟೇಟಿನ ಗೂಡು ಕಾಯೋನು ಲಕ್ಕಯ್ಯ, ನನ್ನ ಹಳೇ ಸ್ನೇಹಿತ. 'ತಂದು ನೇತುಹಾಕು ಸಾಬಣ್ಣ, ನಾಕ್ ದಿನದಲ್ಲಿ ಹಪ್ಪಳ ಆಗ್ತದೆ' ಅಂದ. ಯಾರನ್ನೂ ಕೇಳದೆ ತಗೊಂಡು ಹೋಗಿ ಮೂಲೇಲಿ ತೂಗಿಸಿದ್ವಿ. ನಾಲ್ಕು ದಿನ ಹೋಗಿ ಮೂರು ವಾರ ಆಯ್ತು. ಸೌದೆ ಹಸಿ, ಗೂಡು ತುಂಬ ಹೊಗೆ. ಹಸಿ ಬಣ್ಣ ಆ ಹೊಗೆ ಎಲ್ಲ ಕುಡೀತು. ನನ್ನ ಬಿಳಿ ಪಂಚೆ ಬೆಲ್ಲದ ಬಣ್ಣಕ್ಕೆ ತಿರುಗ್ತು. ಚೊಂಬು ಕತ್ತಲೇಲಿ ಮಿಣಮಿಣ. ಹೇರಳೆಕಾಯಿ ಹಳೇ ಚಿನ್ನದ ಹಾಗೆ. ಮೇಲೆಲ್ಲ ಸಣ್ಣ ಸಣ್ಣ ಬಿರುಕು.

ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಗಂಗಾಧರಪ್ಪನವರು ಗೂಡು ನೋಡೋಕೆ ಬಂದವರು ಅದನ್ನ ಕಂಡ್ರು. ಹಿಂದೆ ತಿರುಗಿಸಿದ್ರೆ ಎಸ್ಟೇಟಿನ ಗುರುತು. ನೇರ ಬಂಗಲೆಗೆ ತಗೊಂಡು ಹೋದ್ರು. ಹೊಸ ದೊರೆ ನೋಡಿ, ಇದು ನೂರೈವತ್ತು ವರ್ಷದ ಹಿಂದೆ ಅವರ ಸೀಮೆ ಕಡೆ ಬರೆದ ಚಿತ್ರ, ಕಾಯಿ ಅವರ ಕಡೆ ನಿಂಬೆಹಣ್ಣು, ಹಳೇ ದೊರೆ ಕಾಲದಲ್ಲಿ ಬಂಗಲೆಯಿಂದ ಕಳುವಾಗಿರಬೇಕು ಅಂತ ತೀರ್ಮಾನ ಮಾಡಿದ್ರು. ಸುದ್ದಿ ಕೇಳಿ ನಾನೇ ಓಡಿದೆ.

'ಅದು ನಂದು ಸ್ವಾಮಿ, ಹಲಗೆ ಹರಾಜಲ್ಲಿ ತಗೊಂಡದ್ದು, ಚಿತ್ರ ನಾನೇ ಬರೆದದ್ದು' ಅಂದೆ.

ಗಂಗಾಧರಪ್ಪನವರು ನಗ್ತಾ, 'ಎಂತ ಸಾಬ್ರೆ, ಬೆಳಿಗ್ಗೆನೇ ತಮಾಷೆನಾ?' ಅಂದ್ರು.

ಇದು ನನ್ನ ಪಾಪ. ಇಪ್ಪತ್ತೈದು ವರ್ಷ ಊರಿಗೆಲ್ಲ ತಮಾಷೆ ಮಾಡಿ ಬದುಕಿದೆ. ಒಂದೇ ಒಂದು ದಿನ ನಿಜ ಹೇಳಿದೆ, ಊರೆಲ್ಲ ನಕ್ತು.

ಆಮೇಲೆ ದೊರೆ ಇಂಗ್ಲಿಷಲ್ಲಿ ಏನೋ ಅಂದ್ರು. ಗಂಗಾಧರಪ್ಪನವರು ತಿಳಿಸಿದ್ರು: 'ದೊರೆಗಳು ದೊಡ್ಡ ಮನಸ್ಸು ಮಾಡಿದ್ದಾರೆ. ಪೊಲೀಸು ಗಿಲೀಸು ಏನೂ ಇಲ್ಲ. ನಿಮ್ಮನ್ನ ಕ್ಷಮಿಸಿದ್ದಾರೆ.'

ಕ್ಷಮೆ! ಮೇಷ್ಟ್ರೇ, ಬೈದಿದ್ರೆ ತಡೀತಿದ್ದೆ. ಹೊಡೆದಿದ್ರೆ ತಡೀತಿದ್ದೆ. ನನ್ನ ಕಣ್ಣಲ್ಲಿ ನೋಡಿ, ನನ್ನ ಕೈಯಲ್ಲಿ ಬರೆದು, ನಾನೇ ಕಾಯಿಸಿದ್ದಕ್ಕೆ ನನಗೆ ಕ್ಷಮೆ! 'ನನಗೆ ಬೇಡ ನಿಮ್ಮ ಕ್ಷಮೆ, ಬೇಕಾದ್ರೆ ಕೇಸು ಹಾಕಿ' ಅಂತ ಹೇಳಿ ಬಂದೆ. ಗಂಗಾಧರಪ್ಪನವರು ಬಾಗಿಲ ತನಕ ಬಂದು, 'ತಗೊಳ್ಳಿ ಮಾರಾಯ್ರೆ, ಪುಕ್ಕಟೆ ಕೊಡ್ತಾರೆ' ಅಂದ್ರು.

ಲಕ್ಕಯ್ಯ ನಂಗೇನೂ ಗೊತ್ತಿಲ್ಲ ಅಂದುಬಿಟ್ಟ. ಅವನ ಮೇಲೆ ಸಿಟ್ಟಿಲ್ಲ. ಕೇಳದೆ ಗೂಡಿಗೆ ಬೇರೆಯವರನ್ನ ಬಿಟ್ಟ ಅಂತ ಗೊತ್ತಾದ್ರೆ ಅವನನ್ನ ಎಸ್ಟೇಟು ಕೊಟ್ಟ ಲೈನ್ ಮನೆಯಿಂದ ಹೆಂಡತಿ ಮಕ್ಕಳ ಸಮೇತ ಹೊರಗೆ ಹಾಕ್ತಾರೆ. ಅವನ ಹೆಸರು ನಾನೂ ಎತ್ತಿಲ್ಲ, ನೀವೂ ಎತ್ತಬೇಡಿ.

ಶೆಡ್ಡಲ್ಲಿ ನಾನು ಬರೆಯೋದನ್ನ ಡ್ರೈವರುಗಳು ನೋಡಿದ್ದಾರೆ. ಕೇಳಿದ್ರೆ 'ಬಣ್ಣ ಬಳೀತಿದ್ದ, ಬಸ್ಸಿಗೇ ಇರ್ಬೇಕು' ಅಂತಾರೆ. ಇನ್ನು ಉಳಿದದ್ದು ನೀವು. ನನ್ನ ಹಾಳೆಗಳು ನಿಮ್ಮ ಹತ್ರ ಇದಾವೆ. ಅವನ್ನ ಕಳಿಸಿ. ಎಣ್ಣೆ ಬಣ್ಣದ ವಿಷಯ ಬಲ್ಲವರು ನೀವು, ದೊರೆಗೆ ಇಂಗ್ಲಿಷಲ್ಲಿ ನಾಲ್ಕು ಸಾಲು ಬರೀರಿ. ಎಷ್ಟು ಸಲ ಎಣ್ಣೆ ಬಣ್ಣದಲ್ಲಿ ಬರೆದಿದ್ದೀರಿ, ಒಣಗಿದ್ರೆ ಹೇಗಾಗ್ತದೆ, ಎಲ್ಲ.

ಹಬೀಬ


ಮೈಸೂರು
೧೨-೧೧-೧೯೩೭

ಹಬೀಬ್ ಸಾಹೇಬರಿಗೆ,

ತಡವಾಯಿತು. ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ನಿಮ್ಮ ಎಲ್ಲ ಹಾಳೆಗಳನ್ನೂ ರಿಜಿಸ್ಟರ್ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಮೊದಲ ದಿನದ ಸೊಟ್ಟ ಗೆರೆಯಿಂದ ಹೇರಳೆಕಾಯಿಯ ತನಕ, ಒಂದನ್ನೂ ಕಳೆದಿಲ್ಲ. ಪ್ರತಿಯೊಂದರ ಮೇಲೂ ಬಂದ ತಾರೀಖು ಹಾಕಿಟ್ಟಿದ್ದೆ. ದೊರೆಗಳಿಗೆ ಒಂದು ಇಂಗ್ಲಿಷ್ ಕಾಗದವೂ ಇದೆ. ಇವರು ನನ್ನ ವಿದ್ಯಾರ್ಥಿ, ಈ ಚಿತ್ರದ ಪೆನ್ಸಿಲ್ ಹಾಳೆ ಆಗಸ್ಟ್ ತಿಂಗಳಲ್ಲಿ ನನಗೆ ಬಂದಿದೆ ಎಂದಷ್ಟೇ ಬರೆದಿದ್ದೇನೆ. ಎಣ್ಣೆ ಬಣ್ಣದ ಬಗ್ಗೆ ಬರೆದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ.

ನಾನು ಒಂದು ದಿನವೂ ಎಣ್ಣೆ ಬಣ್ಣ ಮುಟ್ಟಿದವನಲ್ಲ. ನಮ್ಮ ಶಾಲೆಯಲ್ಲಿ ಪೆನ್ಸಿಲು, ಸೀಮೆಸುಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ನಿವೃತ್ತಿಯಾಗುವ ವರ್ಷ ಆಸೆಯಿಂದ ಆ ಟ್ಯೂಬುಗಳನ್ನು ಕೊಂಡೆ. ಕೆಟ್ಟರೆ ಮತ್ತೆ ಸಿಗುವುದಿಲ್ಲವೆಂಬ ಭಯದಿಂದ ಒಂಬತ್ತು ವರ್ಷ ಬಿರಡೆ ತೆಗೆಯಲಿಲ್ಲ. ನಿಮಗೆ ಬರೆದದ್ದೆಲ್ಲ ಒಂದು ಇಂಗ್ಲಿಷ್ ಪುಸ್ತಕದಿಂದ. ಅದರಲ್ಲಿ 'ಬೆಳಕು, ಗಾಳಿ ಇರುವ ಜಾಗದಲ್ಲಿ ಒಣಗಿಸಿ' ಎಂದಿದೆ. ಆ ಪುಸ್ತಕ ಬರೆದವನಿಗೆ ನಿಮ್ಮ ಮಳೆ ಗೊತ್ತಿರಲಿಲ್ಲವೆಂದು 'ಬೆಚ್ಚಗಿರುವ ಜಾಗ' ಎಂದು ನಾನೇ ಸೇರಿಸಿದೆ. ನಿಮ್ಮನ್ನು ಹತ್ತು ತಿಂಗಳು ಮಡಕೆಯಲ್ಲೇ ನಿಲ್ಲಿಸಿದ್ದಕ್ಕೂ ಕಾರಣ ಇದೇ. ಮಡಕೆಯಾಚೆ ನನಗೇ ದಾರಿ ಗೊತ್ತಿರಲಿಲ್ಲ.

ನೀವು ಕಳ್ಳರಲ್ಲ. ಮೋಸ ಮಾಡಿದವರಿದ್ದರೆ ಅದು ನಾನು.

ಮಲ್ಲಿಕಾರ್ಜುನಪ್ಪ


ಗೋಣಿಬೀಡು
೩೦-೧೧-೧೯೩೭

ಮೇಷ್ಟ್ರಿಗೆ,

ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಈಗ ಪುರುಸೊತ್ತಿಲ್ಲ, ಸಾಲು ದೊಡ್ಡದಿದೆ. ನಿಮ್ಮ ಸರದಿ ಬಂದಾಗ ಹೇಳ್ತೀನಿ.

ಹಾಳೆಗಳ ಕಟ್ಟು ಹೊತ್ತುಕೊಂಡು ಬಂಗಲೆಗೆ ಹೋದೆ. ದೊರೆ, ದೊರೆಸಾನಿ ಇಬ್ಬರೂ ಕೂತು ಒಂದೊಂದೇ ಹಾಳೆ ನೋಡಿದ್ರು. ಚಾ ಕೊಟ್ರು. ದೊರೆಸಾನಿ ಮೊಟ್ಟೆಯ ಹಾಳೆ ಎತ್ತಿ ಹಿಡಿದು 'ಗುಡ್, ಗುಡ್' ಅಂದ್ರು. ನನ್ನ ಎದೆ ಬೀಗ್ತು. ಕೊನೆಗೆ ಹೇರಳೆಕಾಯಿ ಹಾಳೇನ ಗೋಡೆ ಮೇಲಿನ ಚಿತ್ರದ ಪಕ್ಕ ಹಿಡಿದು ನೋಡಿದ್ರು. ಗೆರೆಗೆ ಗೆರೆ ಸರಿಯಾಗಿ ಕೂತ್ಕೊಳ್ತು. ಮುಗೀತು ಅಂದ್ಕೊಂಡೆ.

ಗಂಗಾಧರಪ್ಪನವರು ದೊರೆ ಮಾತು ಹೇಳಿದ್ರು: 'ಈಗ ದೊರೆಗಳಿಗೆ ಎಲ್ಲ ಅರ್ಥ ಆಯ್ತು. ಚಿತ್ರ ಎರಡು ವರ್ಷದಿಂದ ನಿಮ್ಮ ಮನೇಲಿತ್ತು. ಅದನ್ನ ನೋಡಿ ನೋಡಿ ನೀವು ಬರೆಯೋದು ಕಲ್ತಿದ್ದೀರಿ. ಕಲಿಯೋ ಆಸೆಗೆ ಕದ್ದದ್ದು ಅಂತ ಗೊತ್ತಾಗಿ ದೊರೆಗಳಿಗೆ ಭಾಳ ಸಂತೋಷ ಆಗಿದೆ. ಇನ್ನೊಂದ್ಸಲ ಕ್ಷಮಿಸಿದ್ದಾರೆ.'

ಎರಡು ಸಲ ಕ್ಷಮೆ ಮೇಷ್ಟ್ರೇ! ಒಂದು ಕಳ್ಳತನಕ್ಕೆ ಎರಡು ಸಲ! ಮಾಡದೇ ಇದ್ದದ್ದಕ್ಕೆ ಇಷ್ಟು ಸಿಗೋದಾದ್ರೆ, ನಿಜವಾಗಿ ಕದ್ದವನಿಗೆ ಹಾರ ಹಾಕ್ತಾರೋ ಏನೋ!

ನಾನು ಅಲ್ಲೇ ನಿಂತು ಹೇಳಿದೆ, 'ನಿಮ್ಮ ಜಗಲಿ ಮೇಲೆ, ನಿಮ್ಮ ಕಣ್ಣೆದುರು, ಅದೇ ಚೊಂಬು, ಅದೇ ಕಾಯಿ, ಅದೇ ಪಂಚೆ ಇಟ್ಟು ಬರೀತೀನಿ. ನೋಡಿ ಹೇಳಿ.' ದೊರೆಗೆ ಖುಷಿಯಾಯ್ತು. ಅವರಿಗೆ ಹಂದಿ ಬೇಟೆ ಹೇಗೋ ಇದೂ ಹಾಗೇ.

ಮನೇಲಿ ಸುಗ್ರಾ ಬೈತಾಳೆ. 'ಎಸ್ಟೇಟಿನ ಮೂರು ಲಾರಿ ನಮ್ಮ ಶೆಡ್ಡಿಗೆ ಬರ್ತಾವೆ. ಆ ಕ್ಷಮೆ ಇಸ್ಕೊಂಡು ಜೇಬಲ್ಲಿ ಇಟ್ಕೊಂಡು ಬನ್ನಿ, ಭಾರ ಏನಿಲ್ಲ' ಅಂತಾಳೆ. ಅವಳು ಹೇಳೋದೂ ಸುಳ್ಳಲ್ಲ. ಆದ್ರೂ ನಾಳೆಯಿಂದ ಹೋಗ್ತೀನಿ.

ಹಬೀಬ


ಗೋಣಿಬೀಡು
೩-೧-೧೯೩೮

ಮೇಷ್ಟ್ರಿಗೆ,

ಇದಕ್ಕೆ ಬೇಗ ಉತ್ತರ ಬೇಕು.

ಇಪ್ಪತ್ತೆರಡು ದಿನ ಬಂಗಲೆ ಜಗಲೀಲಿ ಬರೆದೆ. ದಿನಾ ಶೆಡ್ಡಿನ ಕೆಲಸ ಮುಗಿಸಿ, ಕೈಯಿನ ಗ್ರೀಸು ಸೀಮೆಎಣ್ಣೆಲಿ ತೊಳೆದು ಹೋಗ್ತಿದ್ದೆ. ಮಳೆ ಇಲ್ಲ, ಬಿಸಿಲು ಓರೆಯಾಗಿ ಬರ್ತದೆ. ಪಂಚೆಗೇ ಹನ್ನೊಂದು ದಿನ ಹಿಡೀತು. ಬಿಳಿ ಬಟ್ಟೆ ಮೇಲೆ ಬಿಳಿ ಎಲ್ಲೂ ಇಲ್ಲ ಮೇಷ್ಟ್ರೇ! ಒಂದು ಕಡೆ ನೀಲಿ, ಒಂದು ಕಡೆ ಕಾಯಿಯ ಹಳದಿ, ಬಟ್ಟೆ ಮಡಿಸಿದ ಕಡೆ ಒಳಗೆ ಚೊಂಬಿನ ಕೆಂಪು. ಬಿಳಿ ಬಣ್ಣದ ಟ್ಯೂಬು ಕೊಯ್ದು ಒಳಗಿಂದ ಕೆರೆದು ತಗೊಂಡೆ. ಈಗ ಏಳೂ ಟ್ಯೂಬು ಖಾಲಿ.

ಬಿಸಿಲಲ್ಲೇ ಒಣಗಿತು. ಮೊದಲಿನದ್ದು ಇದರ ಮುಂದೆ ಏನೂ ಅಲ್ಲ. ನಾನು ಜಂಬ ಕೊಚ್ತಾ ಇಲ್ಲ. ಬಂಗಲೆ ಬಟ್ಲರು ಬಂದು ಪಂಚೆಯ ತುದಿ ಸರಿ ಮಾಡೋಕೆ ಕೈ ಚಾಚಿ, ಹಲಗೆ ತಾಗಿ ಬೆಚ್ಚಿಬಿದ್ದ.

ದೊರೆ ಎರಡನ್ನೂ ಅಕ್ಕಪಕ್ಕ ಇಟ್ರು. ನೋಡಿದ್ರು. ಏನು ಹೇಳಿರ್ಬಹುದು ಹೇಳಿ! 'ಇದು ಚೆನ್ನಾಗಿದೆ. ಆದ್ರೆ ಅದನ್ನ ಬರೆದ ಕೈ ಇದಲ್ಲ. ಅದರಲ್ಲಿ ವಯಸ್ಸಿದೆ, ಕತ್ತಲಿದೆ. ಇದು ಬೆಳ್ಳಗಿದೆ.'

ನನಗೆ ತಲೆ ಕೆಟ್ಟುಹೋಯ್ತು. 'ಅದು ವಯಸ್ಸಲ್ಲ ಸ್ವಾಮಿ, ಹೊಗೆ! ಇದನ್ನೂ ಎಣ್ಣೆ ಸವರಿ ಗೂಡಿಗೆ ಹಾಕಿ, ಮೂರು ವಾರದಲ್ಲಿ ಇದಕ್ಕೂ ನೂರೈವತ್ತು ವರ್ಷ ಆಗ್ತದೆ' ಅಂತ ಕೂಗಿಬಿಟ್ಟೆ.

ದೊರೆ ತಕ್ಷಣ, 'ಸರಿ, ಹಾಕು' ಅಂದ್ರು.

ನಾಲಿಗೆ ಕಚ್ಕೊಂಡೆ. ಆಡಿದ ಮಾತು ಆಡಿಯಾಯ್ತು. ಈ ವರ್ಷದ ಕೊನೇ ಏಲಕ್ಕಿ ಕೊಯ್ಲು ನಡೀತಾ ಇದೆ, ಹದಿನಾಲ್ಕನೇ ತಾರೀಖು ಶುಕ್ರವಾರ ಗೂಡಿಗೆ ಕೊನೇ ಸಲ ಬೆಂಕಿ ಹಾಕ್ತಾರೆ. ಫೆಬ್ರವರೀಲಿ ದೊರೆ ರಜಕ್ಕೆ ಸೀಮೆಗೆ ಹೋಗ್ತಾರೆ, ಹಳೇ ಚಿತ್ರಾನೂ ಜೊತೆಗೆ. ಇನ್ನೊಂದು ಬರೆದು ಗೂಡಿಗೆ ಹಾಕೋಣ ಅಂದ್ರೆ ಬಣ್ಣ ಇಲ್ಲ, ದಿನಾನೂ ಇಲ್ಲ. ಇದನ್ನ ಗೂಡಿಗೆ ಹಾಕಿದ್ರೆ ನಾನು ಕಳ್ಳ ಅಲ್ಲ ಅಂತ ಸಾಬೀತಾಗ್ತದೆ. ಚಿತ್ರ ಹಾಳಾಗ್ತದೆ. ಹಾಕದಿದ್ರೆ ಚಿತ್ರ ಉಳೀತದೆ, ನಾನು ಕ್ಷಮೆ ಸಿಕ್ಕಿದ ಕಳ್ಳ ಆಗಿ ಸಾಯ್ತೀನಿ.

ಏನು ಮಾಡಲಿ?

ಹಬೀಬ


ಮೈಸೂರು
೮-೧-೧೯೩೮

ಹಬೀಬ್ ಸಾಹೇಬರಿಗೆ,

ಗೂಡಿಗೆ ಹಾಕಿಬಿಡಿ. ಚಿತ್ರ ಹೋದರೆ ಇನ್ನೊಂದು ಬರೆಯಬಹುದು, ಹೆಸರು ಹೋದರೆ ಬರುವುದಿಲ್ಲ. ಹೊಟ್ಟೆಪಾಡನ್ನೂ ನೋಡಬೇಕು. ಬಣ್ಣಕ್ಕೆ ನಾನು ಹೇಗಾದರೂ ಏರ್ಪಾಡು ಮಾಡುತ್ತೇನೆ.

ಇದರಲ್ಲಿ ಯೋಚಿಸುವುದು ಏನೂ ಇಲ್ಲ.

ಮಲ್ಲಿಕಾರ್ಜುನಪ್ಪ


ಗೋಣಿಬೀಡು
೧೬-೧-೧೯೩೮

ಮೇಷ್ಟ್ರೇ,

ಈಗ ನಿಮ್ಮ ಸರದಿ.

ಯೋಚಿಸೋದು ಏನೂ ಇಲ್ವಾ? ಮಡಕೆ ಬಾಯಿ ಒಂದು ಕೂದಲಿನಷ್ಟು ಜಾರಿದ್ದಕ್ಕೆ ಹತ್ತು ತಿಂಗಳು ನನ್ನ ಪ್ರಾಣ ತಿಂದವರು ನೀವು. ಈಗ ಪೂರ್ತಿ ಚಿತ್ರಾನೇ ಮಸಿ ಮಾಡು ಅಂತ ಮೂರು ಸಾಲಲ್ಲಿ ಬರೆದು ಕಳಿಸ್ತೀರಾ? ಟ್ಯೂಬಿನ ಬಿರಡೆ ತೆಗೆಯದೆ ಒಂಬತ್ತು ವರ್ಷ ಕಾದ್ರಲ್ಲ, ಆವಾಗ ಇಷ್ಟು ಧೈರ್ಯ ಎಲ್ಲಿ ಹೋಗಿತ್ತು? ನೀವು ಎಣ್ಣೆ ಬಣ್ಣ ಮುಟ್ಟಿಲ್ಲ ಅಂತ ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಆದ್ರೆ ಈ ಮೂರು ಸಾಲಿಗೆ ಬಂತು.

ಆದ್ರೂ ನಿಮ್ಮ ಮಾತು ಮೀರಬಾರದು ಅಂತ ಶುಕ್ರವಾರ ನಮಾಜು ಮುಗಿಸಿ, ಹಲಗೆ ಬಟ್ಟೇಲಿ ಸುತ್ತಿಕೊಂಡು ಗೂಡಿಗೆ ಹೋದೆ. ದೊರೆ, ಗಂಗಾಧರಪ್ಪನವರು, ಮೇಸ್ತ್ರಿ ಎಲ್ಲ ಬಂದು ನಿಂತಿದ್ರು. ಬೆಂಕಿ ಹಾಕಿಯಾಗಿತ್ತು. ಲಕ್ಕಯ್ಯ ಸೌದೆ ತುಂಬ್ತಾ ಇದ್ದ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ, ನೋಡಿದ್ರೆ ಗುಟ್ಟು ಅಲ್ಲೇ ರಟ್ಟಾಗ್ತದೆ.

ಬಾಗಿಲ ಹತ್ರ ಬಟ್ಟೆ ಬಿಚ್ಚಿದೆ. ಬಿಸಿಲು ಬಿತ್ತು.

ಗಂಗಾಧರಪ್ಪನವರು, 'ಹಾಕಿ ಸಾಬ್ರೆ, ಹೊಗೆ ಹೊರಗೆ ಬರ್ತಾ ಇದೆ' ಅಂದ್ರು.

'ಹಾಕ್ತೀನಿ ಮಾರಾಯ್ರೆ, ತಡೀರಿ' ಅಂದೆ. ಕಾಲು ಎತ್ತಿದೆ. ಕಾಲು ಮುಂದೆ ಹೋಗಲಿಲ್ಲ.

'ಎಂತ ಆಯ್ತು?'

'ಏನಿಲ್ಲ.'

'ಹೆದರಿಕೆನಾ? ಕಪ್ಪಾಗದೇ ಇದ್ರೆ ಅಂತ?'

'ಕಪ್ಪಾಗ್ತದೆ ಸ್ವಾಮಿ. ಚೆನ್ನಾಗಿ ಕಪ್ಪಾಗ್ತದೆ. ಅದಕ್ಕೇ ಹೆದರಿಕೆ.'

ಯಾರಿಗೂ ಅರ್ಥ ಆಗಲಿಲ್ಲ. ಮೇಸ್ತ್ರಿ ನಕ್ಕ. ನಾನು ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡ. ನಾನು ಹಲಗೆ ನೋಡಿದೆ. ಪಂಚೆಯ ಈ ನೀಲಿ ಸಿಗೋ ತನಕ ನಾಲ್ಕು ದಿನ ಒದ್ದಾಡಿದ್ದೆ. ಎಲ್ಲರೂ ಸೇರಿ ನನ್ನ ಒಂದು ಚಿತ್ರ ಹಾಳು ಮಾಡಿದ್ದಾಯ್ತು. ಹೊಗೆ, ಲಕ್ಕಯ್ಯ, ನೀವು, ನಾನು. ಅದು ಗೊತ್ತಿಲ್ಲದೆ ಆದದ್ದು. ಇದನ್ನ ಗೊತ್ತಿದ್ದೂ ಹಾಳು ಮಾಡಿದ್ರೆ? ಒಬ್ಬ ದೊರೆ ನನ್ನನ್ನ ನಂಬಲಿ ಅಂತ? ಅವರು ನಂಬಿದ ಮೇಲೂ ಏನು, 'ಹೌದಾ' ಅಂತಾರೆ, ಸೀಮೆಗೆ ಹೋಗ್ತಾರೆ. ನನ್ನ ಹತ್ರ ಉಳಿಯೋದು ಎರಡು ಕರೀ ಹಲಗೆ.

ಹಲಗೆಗೆ ಮತ್ತೆ ಬಟ್ಟೆ ಸುತ್ತಿದೆ.

'ಗಂಗಾಧರಪ್ಪನವರೇ, ನನ್ನ ಮಾತು ದೊರೆಗೆ ಇಂಗ್ಲಿಷಲ್ಲಿ ಹೇಳಿ. ಅವರ ಹಾಲ್‌ನಲ್ಲಿರೋದು ನನ್ನ ಚಿತ್ರ. ನನ್ನ ಕೇಳದೆ ತಗೊಂಡಿದ್ದಾರೆ. ನಾನು ಪೊಲೀಸಿಗೆ ಹೋಗೋದಿಲ್ಲ. ನಾನು ಅವರನ್ನ ಕ್ಷಮಿಸಿದ್ದೀನಿ.'

ಗಂಗಾಧರಪ್ಪನವರ ಮುಖ ಬೆಳ್ಳಗಾಯ್ತು. 'ಅದನ್ನೆಲ್ಲ ನಾನು ಹೇಳೋಕಾಗಲ್ಲ ಸಾಬ್ರೆ, ನಂಗೂ ಹೆಂಡ್ರು ಮಕ್ಕಳಿದ್ದಾರೆ' ಅಂದ್ರು. ದೊರೆ ಬಿಡ್ಲಿಲ್ಲ, ಏನಂದ, ಏನಂದ ಅಂತ ಕೇಳಿದ್ರು. ಕೊನೆಗೆ ತಲೆ ತಗ್ಗಿಸಿಕೊಂಡು ಹೇಳಿದ್ರು. ಎಷ್ಟು ಹೇಳಿದ್ರೋ ಗೊತ್ತಿಲ್ಲ, ಮಾತು ಮಾತ್ರ ಸಣ್ಣದಿತ್ತು. ದೊರೆಯ ಕಿವಿ ಕೆಂಪಾಯ್ತು. ಅಷ್ಟು ಕೆಂಪು ನಿಮ್ಮ ಏಳು ಟ್ಯೂಬಲ್ಲೂ ಇರಲಿಲ್ಲ. ತಿರುಗಿ ಬಂಗಲೆ ಕಡೆ ನಡೆದ್ರು.

ನಿನ್ನೆ ಎಸ್ಟೇಟಿನ ಲಾರಿ ನಮ್ಮ ಶೆಡ್ಡಿನ ಎದುರೇ ಕೆಟ್ಟು ನಿಂತಿತ್ತು. ನನ್ನ ಕರೀಲಿಲ್ಲ. ಎತ್ತು ಕಟ್ಟಿ ಮೂಡಿಗೆರೆ ತನಕ ಎಳ್ಕೊಂಡು ಹೋದ್ರು. ಸುಗ್ರಾ ಬಾಗಿಲಲ್ಲಿ ನಿಂತು ನೋಡಿದ್ಲು. ಬೈತಾಳೆ ಅಂತ ಕಾದೆ. ಒಳಗೆ ಹೋಗಿ ಚಿತ್ರದ ಮುಂದೆ ಸುಮಾರು ಹೊತ್ತು ನಿಂತು, 'ಇದಕ್ಕೆ ಹೊಗೆ ಬಡೀತದೆ, ಅಡುಗೆಮನೆ ಬಾಗಿಲ ಎದುರಿಂದ ತೆಗೀರಿ' ಅಂದ್ಲು. ಈಗ ಬೀದಿ ಕಡೆ ಕೋಣೇಲಿದೆ. ಕೆಳಗೆ ಮೂಲೇಲಿ ಹೆಸರು ಹಾಕಿದೆ. ಬಣ್ಣ ಇರಲಿಲ್ಲ. ಬಸ್ಸಿನ ಬೋರ್ಡಿನ ಕರೀ ಪೇಂಟಲ್ಲೇ ಹಾಕಿದೆ, ದೊಡ್ಡದಾಗಿ. ನೀವು ಬೈತೀರಿ, ಬೈರಿ.

ಬಣ್ಣದ ಏರ್ಪಾಡು ಮಾಡ್ತೀನಿ ಅಂದಿದ್ದೀರಿ. ಬರೀ ಟ್ಯೂಬು ಕಳಿಸಿದ್ರೆ ನಾನು ಇಸ್ಕೊಳ್ಳೋದಿಲ್ಲ. ನೀವೇ ತಗೊಂಡು ಬನ್ನಿ. ಬಸ್ಸಿನ ಆಕ್ಸಲ್ ಈಗ ಗಟ್ಟಿ ಇದೆ, ನಾನೇ ಹಾಕಿದ್ದು. ಬಿಸಿಲಿರೋವಾಗಲೇ ಬನ್ನಿ. ಒಂದು ಹಲಗೆ ನಿಮಗೆ, ಒಂದು ನನಗೆ. ನಿಮ್ಮ ಚಿತ್ರದಲ್ಲಿ ತಪ್ಪು ಹುಡುಕೋಕೆ ನನ್ನ ಕೈ ಕಡೀತಾ ಇದೆ. ಇಷ್ಟಕ್ಕೆ ನಿಮ್ಮ ಮೇಲಿನ ಸಿಟ್ಟು ಮುಗೀತು ಅಂದ್ಕೊಬೇಡಿ, ಇನ್ನೂ ಹೇಳೋದಿದೆ. ಆ ಪುಸ್ತಕದಲ್ಲಿ ಬೇರೆ ಏನೇನು ನೀವು ಸ್ವಂತ ಸೇರಿಸಿದ್ದೀರಿ ಅಂತ ನನಗೆ

ಸುಗ್ರಾ ಕೂಗ್ತಾ ಇದ್ದಾಳೆ. 'ರೊಟ್ಟಿ ತಟ್ಟೆಗೆ ಹಾಕಿ ಎಷ್ಟು ಹೊತ್ತಾಯ್ತು, ಬರ್ತೀರೋ ಇಲ್ಲಾ ಅದನ್ನೂ ಬರೀತಾ ಕೂರ್ತೀರೋ?' ಹೋಗ್ತೀನಿ.